ಅಂಧ ಗಣಿತಜ್ಞ ಲಿಯೊನಾರ್ಡ್ ಆಯ್ಲರ್

ಪ್ರತಿ ವರ್ಷವೂ ಶಾಲೆ ತೆರೆಯುವ ದಿನಗಳಲ್ಲಿ ತಂದೆತಾಯಿಗಳಲ್ಲಿ ಕೆಲವರು ನಮ್ಮನ್ನು ಒಂದು ಪ್ರಶ್ನೆ ಕೇಳುವುದುಂಟು. ಹೆಣ್ಣುಮಕ್ಕಳಿಗೆ ಅಂಕಗಣಿತವು ಬೇಕು, ಮನೆಯ ಆಯವ್ಯಯಗಳನ್ನು ನೋಡಿಕೊಳ್ಳಲು ಅದು ಸಹಾಯವಾಗುವುದು. ಆದರೆ ರೇಖೆ, ಕೋನ, ತ್ರಿಕೋನಗಳನ್ನು ಕಲಿತು ಅವರು ಪಡೆಯುವ ಲಾಭವೇನು ಎಂಬುದೇ ಆ ಪ್ರಶ್ನೆ. ಇದಕ್ಕೆ ತೀರ ಇದಿರಾದ ಮತ್ತೊಂದು ಪ್ರಶ್ನೆಯು ಪೂರ್ವ ವಿದ್ಯಾರ್ಥಿನಿಯರಿಂದ ಬರುತ್ತದೆ. ಗಣಕಯಂತ್ರಗಳ ಉದ್ಯೋಗಕ್ಕೆ ಸೇರಿದ ಕೆಲವರು, ಕಣ್ಣಿಲ್ಲದ ಯಂತ್ರಕ್ಕೆ ಆಕಾರಗಳನ್ನು ತಿಳಿಯಪಡಿಸುವ ವಿದ್ಯೆಯನ್ನು ತಾವು ಈಗ ಹೊಸದಾಗಿ ಕಲಿಯಬೇಕಾಗಿದೆಯೆಂದೂ, ಅದರ ಬೇರು ಶಾಲೆಯ ರೇಖಾಗಣಿತದಲ್ಲಿಯೇ ಇದ್ದಿತೆಂಬುದನ್ನು ಆಗಲೇ ಏಕೆ ತಿಳಿಸಲಿಲ್ಲವೆಂದೂ ನಮ್ಮನ್ನು ಪ್ರೀತಿಯಿಂದ ಆಕ್ಷೇಪಿಸುವರು. ಈ ಎರಡು ಪ್ರಶ್ನೆಗಳಿಗೂ ಉತ್ತರವಾಗಿ ಒಬ್ಬ ಮಹಾಪುರುಷನ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆಯಲು ಮನಸ್ಸು ಮಾಡಿದ್ದೇವೆ. ಆತನು ಆಕಾರಗಳ ಶಾಸ್ತ್ರವನ್ನು ಹೊಸ ದಾರಿಗೆ ತಂದವನು. ಆದರೂ ತನ್ನ ಆಯುಷ್ಯದ ಕಡೆಯ ಹದಿನೇಳು ವರ್ಷಗಳನ್ನು ಬಹುಮಟ್ಟಿಗೆ ಕತ್ತಲೆಯಲ್ಲಿಯೇ ಕಳೆದವನು.

ಬಾಸೆಲ್ ಎಂಬ ಪಟ್ಟಣದ ಹೆಸರು ಕನ್ನಡ ನಾಡಿನ ಕ್ರೈಸ್ತ ಕುಟುಂಬಗಳಿಗೆ ಹೊಸದಲ್ಲ. 1815ರಲ್ಲಿ ಅಲ್ಲಿ ಸ್ಥಾಪಿತವಾದ ಮಿಷನ್ ಸಂಘದವರು 1834ರಲ್ಲಿ ನಮ್ಮ ಕರಾವಳಿಗೆ ಬಂದು ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳನ್ನು ನಡಿಸಿದ ಸಂಗತಿಯನ್ನು ಹಿರಿಯರ ಬಾಯಿಂದ ನಾವೆಲ್ಲರೂ ಕೇಳಿರುವೆವು. ಆ ಸಂಘವು ಹುಟ್ಟುವುದಕ್ಕೆ 108 ವರ್ಷಗಳ ಮುಂಚೆ, 1707ನೆಯ ಇಸವಿ ಏಪ್ರಿಲ್ 15ರಂದು, ಅದೇ ಬಾಸೆಲಿನಲ್ಲಿ ಲಿಯೊನಾರ್ಡ್ ಆಯ್ಲರನು ಜನಿಸಿದನು. ತಂದೆಯಾದ ಪೌಲ್ ಆಯ್ಲರನು ಸಭಾಪಾಲಕನು. ತಾಯಿ ಮಾರ್ಗರೆಟಳು ಸಭಾಪಾಲಕನೊಬ್ಬನ ಮಗಳು. ಮಗುವು ಇನ್ನೂ ಚಿಕ್ಕದಾಗಿರುವಾಗಲೇ ತಂದೆಗೆ ಪಟ್ಟಣದ ಹತ್ತಿರದ ರೀಹೆನ್ ಎಂಬ ಹಳ್ಳಿಯ ಸಭೆಯು ದೊರೆಯಿತು. ಅಲ್ಲಿಯ ಸಭಾಪಾಲಕನ ಮನೆಯಲ್ಲಿ ಐಶ್ವರ್ಯವಿರಲಿಲ್ಲ. ಪ್ರಾರ್ಥನೆಯೂ ಪುಸ್ತಕಗಳೂ ಇದ್ದುವು. ಪೌಲ್ ಆಯ್ಲರನು ತನ್ನ ಯೌವನದಲ್ಲಿ ಯಾಕೋಬ್ ಬರ್ನೂಲಿ ಎಂಬ ಪ್ರಸಿದ್ಧ ಗಣಿತಜ್ಞನ ಉಪನ್ಯಾಸಗಳನ್ನು ಕೇಳಿದ್ದನು. ಆದಕಾರಣ ಮಗನಿಗೆ ಅಕ್ಷರಾಭ್ಯಾಸದೊಂದಿಗೆ ಗಣಿತದ ಮೊದಲ ಪಾಠಗಳನ್ನೂ ತಾನೇ ಹೇಳಿಕೊಟ್ಟನು.

ಬಾಲಕನನ್ನು ವಿದ್ಯಾಭ್ಯಾಸಕ್ಕಾಗಿ ಬಾಸೆಲಿನಲ್ಲಿದ್ದ ಅಜ್ಜಿಯ ಮನೆಗೆ ಕಳುಹಿಸಿದರು. ಹದಿಮೂರನೆಯ ವಯಸ್ಸಿನಲ್ಲಿಯೇ ಆತನು ವಿಶ್ವವಿದ್ಯಾಲಯವನ್ನು ಸೇರಿದನು. ಅಲ್ಲಿ ಯಾಕೋಬನ ತಮ್ಮನಾದ ಯೊಹಾನ್ ಬರ್ನೂಲಿಯು ಅಧ್ಯಾಪಕನಾಗಿದ್ದನು. ತನಗೆ ಪ್ರತ್ಯೇಕವಾಗಿ ಪಾಠ ಹೇಳಬೇಕೆಂದು ಆಯ್ಲರನು ಬೇಡಿಕೊಂಡಾಗ, ಕೆಲಸದ ಹೊರೆಯಿಂದಾಗಿ ಬರ್ನೂಲಿಯು ಒಪ್ಪಲಿಲ್ಲ. ಆದರೆ ಅದಕ್ಕಿಂತಲೂ ಉತ್ತಮವಾದ ಉಪಕಾರವೊಂದನ್ನು ಮಾಡಿದನು. ಕಷ್ಟವಾದ ಗ್ರಂಥಗಳ ಹೆಸರುಗಳನ್ನು ಹೇಳಿ, ಅವುಗಳನ್ನು ಸ್ವಂತವಾಗಿ ಓದಿಕೊಂಡು, ಅರ್ಥವಾಗದೆ ಉಳಿದುದನ್ನು ಮಾತ್ರ ವಾರಕ್ಕೊಮ್ಮೆ ಮಧ್ಯಾಹ್ನದ ಹೊತ್ತಿನಲ್ಲಿ ಬಂದು ಕೇಳಬಹುದೆಂದು ಅಪ್ಪಣೆ ಕೊಟ್ಟನು. ಗುರುವಿಗೆ ತೊಂದರೆ ಕೊಡಲು ಸಂಕೋಚಪಟ್ಟ ಶಿಷ್ಯನು, ಕೇಳಬೇಕಾದ ಸಂಶಯಗಳು ಆದಷ್ಟು ಕಡಮೆಯಾಗಲೆಂದು ವಾರವೆಲ್ಲಾ ಶ್ರಮಪಡುತ್ತಿದ್ದನು. ಮಕ್ಕಳಿಗೆ ಮನೆಪಾಠದ ಮೇಲೆ ಮನೆಪಾಠವನ್ನು ಏರ್ಪಡಿಸುವ ಹೆತ್ತವರು ಈ ಸಂಗತಿಯನ್ನು ಗಮನಿಸಬೇಕೆಂದು ನಾವು ಕೋರುವೆವು. ಮಗನು ತನ್ನಂತೆಯೇ ಸಭಾಪಾಲಕನಾಗಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. ಅದರಂತೆ ಆಯ್ಲರನು ದೇವಜ್ಞಾನಶಾಸ್ತ್ರವನ್ನೂ ಹೀಬ್ರೂ, ಗ್ರೀಕ್ ಭಾಷೆಗಳನ್ನೂ ಅಭ್ಯಾಸಮಾಡುತ್ತಿದ್ದನು. ಕೊನೆಗೆ ಬರ್ನೂಲಿಯೇ ತಂದೆಯೊಡನೆ ಮಾತನಾಡಿ, ಈತನ ಕರೆಯು ಗಣಿತಕ್ಕೆಂದು ಒಪ್ಪಿಸಿದನು. ದೇವರು ಕೊಟ್ಟ ವರವನ್ನು ಗುರುತಿಸಿ ಅದಕ್ಕೆ ದಾರಿಬಿಟ್ಟ ಆ ತಂದೆಯೂ ಸ್ತುತ್ಯನು.

1727ರಲ್ಲಿ, ಇಪ್ಪತ್ತು ವರ್ಷದ ತರುಣನಾಗಿ, ಆಯ್ಲರನು ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗಿಗೆ ಹೊರಟನು. ಪೀಟರ್ ಚಕ್ರವರ್ತಿಯ ಇಚ್ಛೆಯಂತೆ ಅಲ್ಲಿ ಆಗತಾನೆ ವಿಜ್ಞಾನದ ಅಕಾಡೆಮಿಯೊಂದು ಏರ್ಪಟ್ಟಿತ್ತು. ಆತನು 1733ರಲ್ಲಿ ಅಲ್ಲಿಯ ಗಣಿತದ ಮುಖ್ಯ ಅಧ್ಯಾಪಕನಾದನು; ಮರುವರ್ಷ ಚಿತ್ರಕಾರನೊಬ್ಬನ ಮಗಳಾದ ಕ್ಯಾಥರಿನ್ ಗ್ಸೆಲ್ ಎಂಬಾಕೆಯನ್ನು ವಿವಾಹವಾದನು. ಅವರಿಗೆ ಹದಿಮೂರು ಮಕ್ಕಳು ಹುಟ್ಟಿದರೂ ಬಾಲ್ಯವನ್ನು ದಾಟಿ ಬದುಕಿದವರು ಐವರೇ. 1738ರಲ್ಲಿ ವ್ಯಾಧಿಯಿಂದ ಆತನ ಬಲಗಣ್ಣು ನಷ್ಟವಾಯಿತು. ಆಗ ವಯಸ್ಸು ಮೂವತ್ತೊಂದು. ಕೆಲಸವು ಒಂದು ದಿನವಾದರೂ ನಿಧಾನವಾದಂತೆ ಕಾಣದು. ಮಗುವೊಂದನ್ನು ಮಡಿಲಲ್ಲಿರಿಸಿಕೊಂಡು, ಉಳಿದವರು ಸುತ್ತಲೂ ಆಡುತ್ತಿರುವಾಗಲೇ ಆತನು ಕಠಿನವಾದ ಲೇಖನಗಳನ್ನು ಬರೆಯುತ್ತಿದ್ದನೆಂದು ಹೇಳುವರು.

ಈ ಕಾಲದಲ್ಲಿಯೇ, 1735ರಲ್ಲಿ, ಆತನು ಅಕಾಡೆಮಿಯ ಮುಂದೆ ಒಂದು ಸಣ್ಣ ಲೇಖನವನ್ನಿಟ್ಟನು. ನಮ್ಮ ವಿಷಯಕ್ಕೆ ಅದು ಬಹಳ ಮುಖ್ಯವಾದುದರಿಂದ ಸ್ವಲ್ಪ ವಿವರವಾಗಿ ಹೇಳುವೆವು. ಪ್ರಷ್ಯದ ಕೋನಿಗ್ಸ್‌ಬರ್ಗ್ ಎಂಬ ಪಟ್ಟಣದಲ್ಲಿ ಪ್ರೇಗೆಲ್ ನದಿಯು ಕವಲೊಡೆದು ಒಂದು ದ್ವೀಪವನ್ನು ಬಳಸಿ ಹರಿಯುತ್ತಿತ್ತು. ನೀರಿನಿಂದ ಬೇರೆಯಾದ ನಾಲ್ಕು ನೆಲಗಳನ್ನು ಏಳು ಸೇತುವೆಗಳು ಕೂಡಿಸುತ್ತಿದ್ದುವು. ಯಾವ ಸೇತುವೆಯನ್ನೂ ಎರಡನೆಯ ಸಲ ದಾಟದೆ, ಯಾವುದನ್ನೂ ಬಿಡದೆ, ಏಳನ್ನೂ ನಡೆದು ಬರಲು ಸಾಧ್ಯವೇ ಎಂಬುದು ಆ ಊರಿನವರ ಸಮಸ್ಯೆ. ನಮ್ಮ ಮಕ್ಕಳು ಹಲಗೆಯ ಮೇಲಿಂದ ಬಳಪವನ್ನೆತ್ತದೆ, ಬರೆದ ಗೆರೆಯ ಮೇಲೆ ಮತ್ತೆ ಬರೆಯದೆ ಚಿತ್ರವನ್ನು ಮುಗಿಸುವ ಆಟವಾಡುವುದಿಲ್ಲವೇ? ಇದೂ ಅಂಥದೇ. ನಡೆದು ನೋಡಿದವರಿಗೆ ಆಗಲಿಲ್ಲ. ಆದರೆ ಆಗದೆಂದು ತೋರಿಸಿಕೊಡಲೂ ಯಾರಿಂದಲೂ ಆಗಲಿಲ್ಲ.

ಆಯ್ಲರನು ಮಾಡಿದುದೇನು? ದ್ವೀಪದ ಉದ್ದವೆಷ್ಟು, ಸೇತುವೆಗಳ ನಡುವಣ ದೂರವೆಷ್ಟು ಎಂಬುದೆಲ್ಲವನ್ನೂ ಬದಿಗಿಟ್ಟನು. ನಾಲ್ಕು ನೆಲಗಳಿಗೆ ಒಂದೊಂದು ಅಕ್ಷರವನ್ನು ಹೆಸರಾಗಿ ಕೊಟ್ಟು, ಒಂದರ ಕೆಳಗೊಂದರಂತೆ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆಯೂ ಅದಕ್ಕೆ ಸೇರುವ ಸೇತುವೆಗಳ ಸಂಖ್ಯೆಯನ್ನು ಬರೆದನು. ದ್ವೀಪಕ್ಕೆ 5, ಉಳಿದ ಮೂರಕ್ಕೂ 3, 3, 3. ಒಂದು ನೆಲವನ್ನು ಹಾದುಹೋಗುವವನು ಒಂದು ಸೇತುವೆಯಿಂದ ಬಂದು ಮತ್ತೊಂದರಿಂದ ಹೋಗುವನು. ಹೀಗೆ ಸೇತುವೆಗಳು ಜೋಡಿಜೋಡಿಯಾಗಿ ಮುಗಿಯುವುವು. ಬೆಸ ಸಂಖ್ಯೆಯ ಸೇತುವೆಗಳುಳ್ಳ ನೆಲದಲ್ಲಿಯಾದರೋ ಒಂದು ಜೋಡಿಯಿಲ್ಲದೆ ಉಳಿಯುವುದು. ಆದುದರಿಂದ ಅಂಥ ನೆಲವು ನಡಿಗೆಯ ಆರಂಭವಾಗಿರಬೇಕು, ಇಲ್ಲವೆ ಅಂತ್ಯವಾಗಿರಬೇಕು. ನಡಿಗೆಗೆ ಆರಂಭವೊಂದು, ಅಂತ್ಯವೊಂದು. ಬೆಸ ನೆಲಗಳಾದರೋ ನಾಲ್ಕು. ಆದಕಾರಣ ಅಂಥ ನಡಿಗೆಯು ಅಸಾಧ್ಯ. ಆಯ್ಲರನು ಇಷ್ಟಕ್ಕೇ ನಿಲ್ಲಿಸದೆ, ಯಾವ ಊರಿನಲ್ಲಿ ಎಷ್ಟೇ ನದಿಗಳೂ ಎಷ್ಟೇ ಸೇತುವೆಗಳೂ ಇದ್ದರೂ ಹೇಗೆ ಪಟ್ಟಿ ಮಾಡಬೇಕು, ಏನನ್ನು ಎಣಿಸಬೇಕು, ಎಣಿಸಿದ ಮೇಲೆ ಹೇಗೆ ನಿರ್ಣಯಿಸಬೇಕು ಎಂಬುದನ್ನು ಹಂತಹಂತವಾಗಿ ಬರೆದಿಟ್ಟನು. ಆ ಊರನ್ನು ಕಣ್ಣಿನಿಂದ ಕಾಣದವನೂ ಆ ಪಟ್ಟಿಯಿಂದ ಸತ್ಯವನ್ನು ತಿಳಿಯಬಹುದು. ಈಗಿನವರು ಅಲ್ಗಾರಿದಮ್ ಎಂದು ಕರೆಯುವ ಕ್ರಮವಿಧಿಯು ಇಂಥದೇ. ಮಾಹಿತಿಯನ್ನು ತಕ್ಕ ರೀತಿಯ ಪಟ್ಟಿಯಲ್ಲಿ ಜೋಡಿಸಿಡುವುದೊಂದು, ಆ ಪಟ್ಟಿಯ ಮೇಲೆ ತಪ್ಪದೆ ನಡೆಯುವ ಹೆಜ್ಜೆಗಳನ್ನು ಕಂಡುಕೊಳ್ಳುವುದೊಂದು. ಈ ಎರಡೂ ಆ ಸಣ್ಣ ಲೇಖನದಲ್ಲಿ ಕೈ ಹಿಡಿದುಕೊಂಡು ಬಂದಿರುವುವು.

1741ರಲ್ಲಿ ಪ್ರಷ್ಯದ ಅರಸನಾದ ಎರಡನೆಯ ಫ್ರೆಡರಿಕನ ಕರೆಯ ಮೇರೆಗೆ ಆಯ್ಲರನು ಬರ್ಲಿನ್ ನಗರಕ್ಕೆ ಹೋಗಿ ಇಪ್ಪತ್ತೈದು ವರ್ಷಗಳ ಕಾಲ ಅಲ್ಲಿದ್ದನು. ವಿಧವೆಯಾದ ತಾಯಿಯನ್ನು 1750ರಲ್ಲಿ ತನ್ನ ಬಳಿಗೆ ಕರೆದುಕೊಂಡು ಬಂದು, ಆಕೆಯು 1761ರಲ್ಲಿ ತೀರಿಕೊಳ್ಳುವವರೆಗೂ ಜೊತೆಯಲ್ಲಿರಿಸಿಕೊಂಡಿದ್ದನು. ಸಂಜೆಯಲ್ಲಿ ಮನೆಯವರೆಲ್ಲರನ್ನೂ ಕೂಡಿಸಿ ಸತ್ಯವೇದದ ಒಂದು ಅಧ್ಯಾಯವನ್ನೋದಿ ಪ್ರಾರ್ಥನೆ ಮಾಡುವುದು ಆತನ ನಿತ್ಯದ ಪದ್ಧತಿ. ದೇವರಲ್ಲಿ ನಂಬಿಕೆಯನ್ನು ಹಾಸ್ಯಮಾಡುವುದೇ ಜಾಣತನವೆಂದೆಣಿಸಿದ್ದ ಆ ಅರಮನೆಯ ಸುತ್ತಿನಲ್ಲಿ, 1747ರಲ್ಲಿ, ದೈವಪ್ರಕಟನೆಯನ್ನು ಸಮರ್ಥಿಸಿ ಒಂದು ಪುಸ್ತಕವನ್ನೇ ಆತನು ಪ್ರಕಟಿಸಿದನು. ಚಮತ್ಕಾರದ ಮಾತುಗಾರರನ್ನು ಮೆಚ್ಚುತ್ತಿದ್ದ ಅರಸನಿಗೆ ಈ ಸಾದಾ ಮನುಷ್ಯನು ಹಿಡಿಸಲಿಲ್ಲ. ಆತನ ಒಕ್ಕಣ್ಣನ್ನು ಕುರಿತು ಹಾಸ್ಯ ಮಾಡುವುದಕ್ಕೂ ಅರಸನು ಹೇಸಲಿಲ್ಲ. ಆಯ್ಲರನು ಅದನ್ನು ಸಹಿಸಿಕೊಂಡು ಅಕಾಡೆಮಿಯ ಕೆಲಸವನ್ನೆಲ್ಲಾ ನಡಿಸುತ್ತಿದ್ದನು.

ಬರ್ಲಿನ್ನಿನಲ್ಲಿ ಆತನು ಮಾಡಿದ ಎರಡು ಕೆಲಸಗಳನ್ನು ನಮ್ಮ ವಿದ್ಯಾರ್ಥಿನಿಯರು ಚೆನ್ನಾಗಿ ತಿಳಿಯತಕ್ಕದ್ದು. ಮೊದಲನೆಯದು ಘನಾಕೃತಿಗಳ ವಿಚಾರ. ಪೆಟ್ಟಿಗೆ, ಗೋಪುರ ಮುಂತಾದ ಚಪ್ಪಟೆ ಮುಖಗಳುಳ್ಳ ಘನಗಳನ್ನು ಯೂಕ್ಲಿಡನ ಕಾಲದಿಂದ ಜನರು ಅಭ್ಯಾಸಮಾಡುತ್ತಿದ್ದರು. ಮೂಲೆಗಳನ್ನು ಕಂಡಿದ್ದರು, ಮುಖಗಳನ್ನು ಅಳೆದಿದ್ದರು. ಎರಡು ಮುಖಗಳು ಕೂಡುವ ಅಂಚನ್ನು ಮಾತ್ರ ಬೇರೊಂದು ವಸ್ತುವಾಗಿ ಎಣಿಸಿ, ಅದಕ್ಕೆ ತಕ್ಕ ಹೆಸರನ್ನು ಕೊಟ್ಟವರಿರಲಿಲ್ಲ. ಆ ಹೆಸರನ್ನು ಕೊಟ್ಟವನು ಆಯ್ಲರನು. ಹೆಸರಿಟ್ಟು ಎಣಿಸತೊಡಗಿದೊಡನೆ, ಎರಡು ಸಾವಿರ ವರ್ಷಗಳಿಂದ ಕಣ್ಣ ಮುಂದೆಯೇ ಇದ್ದ ನಿಯಮವೊಂದು ಹೊರಬಿದ್ದಿತು. ಮೂಲೆಗಳನ್ನೂ ಮುಖಗಳನ್ನೂ ಕೂಡಿಸಿದರೆ ಬರುವ ಸಂಖ್ಯೆಯು ಅಂಚುಗಳಿಗಿಂತ ಯಾವಾಗಲೂ ಎರಡು ಹೆಚ್ಚು. ಮರದ ಪೆಟ್ಟಿಗೆಗೆ ಮೂಲೆ 8, ಮುಖ 6, ಅಂಚು 12. ಎರಡು ಇಳಿಜಾರಿನ ಹೆಂಚಿನ ಮನೆಯನ್ನು ಒಂದು ಘನವೆಂದು ಭಾವಿಸಿದರೆ, ನೆಲವನ್ನೂ ಸೇರಿಸಿ ಮುಖಗಳು 7, ಮೂಲೆಗಳು 10, ಅಂಚುಗಳು 15. ಬೇಕಾದರೆ ಸಾಬೂನಿನ ತುಂಡೊಂದರ ಮೂಲೆಯನ್ನು ಕತ್ತರಿಸಿ ಮತ್ತೆ ಎಣಿಸಿರಿ. ಸಂಖ್ಯೆಗಳು ಬದಲಾಗುವುವು, ನಿಯಮವು ಬದಲಾಗದು. ಉದ್ದಿನ ವಡೆಯಂತೆ ನಡುವೆ ತೂತುಳ್ಳ ಆಕಾರಗಳಿಗೆ ಮಾತ್ರ ಇದು ಸಲ್ಲದೆಂದು ಅನಂತರದವರು ತೋರಿಸಿದರು.

1750ರ ನವೆಂಬರ್ ತಿಂಗಳಲ್ಲಿ ಮಿತ್ರನಾದ ಗೋಲ್ಡ್‌ಬಾಕನಿಗೆ ಈ ಸಂಗತಿಯನ್ನು ಬರೆಯುವಾಗ, ಇದಕ್ಕೆ ದೃಢವಾದ ಸಾಧನೆಯು ತನಗಿನ್ನೂ ಸಿಕ್ಕಿಲ್ಲವೆಂದು ಆಯ್ಲರನು ಮರೆಮಾಚದೆ ಒಪ್ಪಿಕೊಂಡನು. ಮುಂದೆ ತಾನು ಕೊಟ್ಟ ಸಾಧನೆಯಲ್ಲಿಯೂ ಒಂದು ಕೊರತೆ ಉಳಿದಿತ್ತು. ನಿರ್ದುಷ್ಟವಾದ ಸಾಧನೆಯನ್ನು 1794ರಲ್ಲಿ ಫ್ರಾನ್ಸಿನ ಲೆಜಾಂಡ್ರನು ಕೊಟ್ಟನು. ತಿಳಿಯದುದನ್ನು ತಿಳಿಯದೆಂದು ಹೇಳುವ ಈ ವಿನಯವು ದೊಡ್ಡ ವಿದ್ವಾಂಸರ ಲಕ್ಷಣವಷ್ಟೆ. ಮರುವರ್ಷ ಅದೇ ಮಿತ್ರನಿಗೆ ಮತ್ತೊಂದು ಲೆಕ್ಕವನ್ನು ಬರೆದು ಕಳುಹಿಸಿದನು. ಬಹುಭುಜವೊಂದನ್ನು ಮೂಲೆಯಿಂದ ಮೂಲೆಗೆ ಗೆರೆಗಳನ್ನೆಳೆದು, ಗೆರೆಗಳು ಒಂದನ್ನೊಂದು ದಾಟದಂತೆ, ಎಷ್ಟು ರೀತಿಗಳಲ್ಲಿ ತ್ರಿಕೋನಗಳಾಗಿ ಒಡೆಯಬಹುದು? ಚತುರ್ಭುಜವನ್ನು 2 ರೀತಿಗಳಲ್ಲಿ, ಪಂಚಭುಜವನ್ನು 5, ಷಡ್ಭುಜವನ್ನು 14, ಸಪ್ತಭುಜವನ್ನು 42, ದಶಭುಜವನ್ನಾದರೋ 1,430 ರೀತಿಗಳಲ್ಲಿ ಒಡೆಯಬಹುದು. ರೀತಿಗಳೆಷ್ಟೇ ಆಗಲಿ, ತ್ರಿಕೋನಗಳ ಸಂಖ್ಯೆಯು ಮಾತ್ರ ಬಾಹುಗಳಿಗಿಂತ ಎರಡು ಕಡಮೆಯೇ. ಆಟದಂತೆ ತೋರುವ ಈ ಎಣಿಕೆಗಳು ಎಲ್ಲಿಗೆ ಮುಟ್ಟಿದುವೆಂಬುದನ್ನು ಮುಂದೆ ಹೇಳುವೆವು.

ಎರಡನೆಯ ಕೆಲಸವು ಒಬ್ಬ ಹುಡುಗಿಯ ವಿದ್ಯಾಭ್ಯಾಸಕ್ಕೆ ಸಂಬಂಧಪಟ್ಟುದು. ಅರಸನ ಬಂಧುವರ್ಗಕ್ಕೆ ಸೇರಿದ ಫ್ರೀಡರಿಕ ಷಾರ್ಲೆಟ್ ಎಂಬ ಹದಿನಾಲ್ಕು ವರ್ಷದ ರಾಜಕುಮಾರಿಗೆ ಆಯ್ಲರನು ರೇಖಾಗಣಿತವನ್ನು ಕಲಿಸುತ್ತಿದ್ದನು. ಯುದ್ಧದ ನಿಮಿತ್ತ ರಾಜಪರಿವಾರವು ಬರ್ಲಿನ್ನನ್ನು ಬಿಟ್ಟು ಮಾಗ್ಡೆಬರ್ಗಿಗೆ ಹೋದುದರಿಂದ ಪಾಠವು ನಿಂತಿತು. ಶಿಷ್ಯೆಯು ದೂರವಾದಳೆಂದು ಆಯ್ಲರನು ಸುಮ್ಮನಾಗಲಿಲ್ಲ. 1760ರ ಏಪ್ರಿಲ್ ಮೊದಲ್ಗೊಂಡು 1762ರವರೆಗೆ ಒಟ್ಟು 234 ಪತ್ರಗಳನ್ನು ಆಕೆಗೆ ಬರೆದನು. ಅಳತೆಯ ವಿಚಾರದಿಂದಾರಂಭಿಸಿ ಶಬ್ದ, ಬೆಳಕು, ಗುರುತ್ವಾಕರ್ಷಣ, ಗ್ರಹಗಳು, ತರ್ಕ, ವಿದ್ಯುಚ್ಛಕ್ತಿ, ಆತ್ಮ, ಪ್ರಾರ್ಥನೆ ಮುಂತಾದ ಎಲ್ಲವನ್ನೂ ತಿಳಿಯಾದ ಮಾತುಗಳಲ್ಲಿ ವಿವರಿಸಿದನು. ತರ್ಕವನ್ನು ಕಲಿಸುವಾಗ ಒಂದು ಸುಲಭೋಪಾಯವನ್ನು ಬಳಸಿದನು. ಒಂದೊಂದು ಜಾತಿಯ ವಸ್ತುಗಳಿಗೂ ಒಂದೊಂದು ವೃತ್ತವನ್ನು ಬರೆದು, ವೃತ್ತದೊಳಗೆ ವೃತ್ತವಿದೆಯೋ, ಒಂದನ್ನೊಂದು ದಾಟುವುವೋ, ಬೇರೆಬೇರೆ ನಿಂತಿರುವುವೋ ಎಂಬುದನ್ನು ನೋಡಿಯೇ ವಾದದ ಸರಿತಪ್ಪುಗಳನ್ನು ತಿಳಿಯುವಂತೆ ಮಾಡಿದನು. ಈಗಲೂ ನಮ್ಮ ತರಗತಿಗಳಲ್ಲಿ ಅಂಥ ವೃತ್ತಗಳನ್ನು ಬರೆಯುತ್ತೇವೆ. ಈ ಪತ್ರಗಳು 1768ರಿಂದ 1772ರವರೆಗೆ ಪುಸ್ತಕರೂಪದಲ್ಲಿ ಹೊರಟು ಅನೇಕ ಭಾಷೆಗಳಿಗೆ ಪರಿವರ್ತನೆಗೊಂಡುವು. ಯೂರೋಪಿನ ಅತ್ಯಂತ ದೊಡ್ಡ ಗಣಿತಜ್ಞನು ತನ್ನ ಅಮೂಲ್ಯವಾದ ವೇಳೆಯನ್ನು ಒಬ್ಬ ಹುಡುಗಿಯ ಪಾಠಕ್ಕಾಗಿ ಎರಡು ವರ್ಷ ವಿನಿಯೋಗಿಸಿದನೆಂಬುದನ್ನು, ಹೆಣ್ಣುಮಕ್ಕಳಿಗೆ ರೇಖಾಗಣಿತವೇಕೆಂದು ಕೇಳುವವರು ಒಂದು ಗಳಿಗೆ ಆಲೋಚಿಸಲಿ.

1766ರಲ್ಲಿ ಆಯ್ಲರನು ಎರಡನೆಯ ಕ್ಯಾಥರಿನ್ ಮಹಾರಾಣಿಯ ಆಹ್ವಾನದ ಮೇರೆಗೆ ಪುನಃ ಪೀಟರ್ಸ್‌ಬರ್ಗಿಗೆ ಬಂದನು. ಬಂದ ಸ್ವಲ್ಪ ಕಾಲದಲ್ಲಿಯೇ ಉಳಿದಿದ್ದ ಎಡಗಣ್ಣಿಗೂ ಪೊರೆ ಬಂದು, ದೊಡ್ಡ ಅಕ್ಷರಗಳ ಹೊರತು ಬೇರೇನೂ ಕಾಣದಂತಾಯಿತು. ಐವತ್ತೊಂಬತ್ತು ವರ್ಷದ, ಮನೆ ತುಂಬ ಜನರುಳ್ಳ, ಬರೆದು ಬದುಕುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಆಪತ್ತುಂಟೇ? ಆಯ್ಲರನು ಗೊಣಗಿದಂತೆ ಯಾವ ಚರಿತ್ರೆಯೂ ಹೇಳುವುದಿಲ್ಲ. ಆತನು ಬರ್ಲಿನ್ನಿನಿಂದ ಕರೆತಂದಿದ್ದ ಒಬ್ಬ ಸೇವಕನು ಮೊದಲು ದರ್ಜಿಯ ಕೆಲಸವನ್ನು ಕಲಿತವನು, ಗಣಿತವನ್ನು ಅರಿಯದವನು. ಆಯ್ಲರನು ಬೀಜಗಣಿತದ ದೊಡ್ಡದೊಂದು ಪಾಠಪುಸ್ತಕವನ್ನು ಬಾಯಿಂದ ಹೇಳುತ್ತಾ ಹೋದನು, ಸೇವಕನು ಬರೆಯುತ್ತಾ ಹೋದನು. ಹೇಳುವವನಿಗೆ ಕಾಣದು, ಬರೆಯುವವನಿಗೆ ತಿಳಿಯದು. ಆದರೂ ಮಾತುಗಳು ಎಷ್ಟು ಕ್ರಮವಾಗಿಯೂ ಸ್ಪಷ್ಟವಾಗಿಯೂ ಇದ್ದುವೆಂದರೆ, ಪುಸ್ತಕವು ಮುಗಿಯುವಷ್ಟರಲ್ಲಿ ಆ ದರ್ಜಿಯು ಬೀಜಗಣಿತವನ್ನು ಕಲಿತುಬಿಟ್ಟಿದ್ದನೆಂದು ಹೇಳುವರು. 1768ರಲ್ಲಿ ರಷ್ಯನ್ ಭಾಷೆಯಲ್ಲಿಯೂ 1770ರಲ್ಲಿ ಜರ್ಮನ್ ಭಾಷೆಯಲ್ಲಿಯೂ ಹೊರಟ ಆ ಪುಸ್ತಕವು ಬಹುಕಾಲ ಯೂರೋಪಿನ ಮಕ್ಕಳಿಗೆ ದಾರಿದೀಪವಾಯಿತು. ಅಧ್ಯಾಪಿಕೆಯರಾದ ನಮಗೆ ಇದರಲ್ಲಿ ಕಲಿಯತಕ್ಕುದುಂಟು. ನಮ್ಮ ಪಾಠವು ಚಿತ್ರವನ್ನು ತೋರಿಸದೆಯೂ ಅರ್ಥವಾಗುವಷ್ಟು ಕ್ರಮವಾಗಿದೆಯೇ ಎಂದು ನಾವು ನಮ್ಮನ್ನೇ ಪರೀಕ್ಷಿಸಿಕೊಳ್ಳಬೇಕು.

1771ರಲ್ಲಿ ಪಟ್ಟಣದಲ್ಲಿ ಬೆಂಕಿ ಬಿದ್ದು ಆತನ ಮರದ ಮನೆಯೂ ಹತ್ತಿಕೊಂಡಿತು. ಕಣ್ಣಿಲ್ಲದ ಮುದುಕನು ಒಳಗೆ ಸಿಕ್ಕಿಕೊಂಡಿರುವಾಗ, ಬಾಸೆಲಿನವನೇ ಆದ ಪೀಟರ್ ಗ್ರಿಮ್ ಎಂಬ ಕುಶಲಕರ್ಮಿಯು ಉರಿಯೊಳಗೆ ನುಗ್ಗಿ ಆತನನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದನು. ಪುಸ್ತಕಗಳೂ ಸಾಮಾನುಗಳೂ ಸುಟ್ಟುಹೋದರೂ, ಬರಹಗಳಲ್ಲಿ ಬಹುಭಾಗವು ಉಳಿಯಿತು. ಅದೇ ವರ್ಷದಲ್ಲಿ ವೈದ್ಯನೊಬ್ಬನು ಎಡಗಣ್ಣಿನ ಪೊರೆಯನ್ನು ತೆಗೆದನು. ಕೆಲವು ದಿನಗಳ ಮಟ್ಟಿಗೆ ಲೋಕವು ಮತ್ತೆ ಕಂಡಿತು. ಆಮೇಲೆ ಕಣ್ಣು ಕೆಟ್ಟು, ಬಹಳ ನೋವನ್ನನುಭವಿಸಿ, ಆ ಬೆಳಕೂ ಆರಿಹೋಯಿತು. 1773ರಲ್ಲಿ ನಾಲ್ವತ್ತು ವರ್ಷಗಳ ಸಂಗಾತಿಯಾಗಿದ್ದ ಪತ್ನಿಯು ತೀರಿಕೊಂಡಳು. ಬೆಳೆದ ಇಬ್ಬರು ಹೆಣ್ಣುಮಕ್ಕಳೂ ತಂದೆಗಿಂತ ಮುಂಚೆಯೇ ಮೃತರಾದರು.

ಇಷ್ಟೆಲ್ಲದರ ನಡುವೆ ಆತನ ಕೆಲಸವು ಕಡಮೆಯಾಗಲಿಲ್ಲ, ಹೆಚ್ಚಿತು. ಮಗನಾದ ಯೊಹಾನ್ ಆಲ್ಬ್ರೆಕ್ಟನೂ, ಬಾಸೆಲಿನಿಂದ ಬಂದ ನಿಕೋಲಸ್ ಫೂಸ್ ಎಂಬ ತರುಣನೂ, ಲೆಕ್ಸೆಲ್ ಮೊದಲಾದ ಶಿಷ್ಯರೂ ದೊಡ್ಡ ಮೇಜೊಂದರ ಸುತ್ತಲೂ ಕುಳಿತು ಆತನು ಹೇಳಿದುದನ್ನು ಬರೆದುಕೊಳ್ಳುವರು. 1775ನೆಯ ಒಂದೇ ವರ್ಷದಲ್ಲಿ ಹೆಚ್ಚು ಕಡಮೆ ವಾರಕ್ಕೊಂದರಂತೆ ಲೇಖನಗಳು ಸಿದ್ಧವಾದುವು. ಜೀವಮಾನದಲ್ಲಿ ಬರೆದ 850ಕ್ಕೂ ಹೆಚ್ಚು ಕೃತಿಗಳಲ್ಲಿ ಸುಮಾರು ಅರ್ಧವು ಕಣ್ಣು ಮಂಜಾದ ಮೇಲಿನವು. ಇಬ್ಬರು ಶಿಷ್ಯರು ಉದ್ದವಾದ ಶ್ರೇಢಿಯೊಂದನ್ನು ಕೂಡಿಸಿದಾಗ ಐವತ್ತನೆಯ ಸ್ಥಾನದ ಅಂಕದಲ್ಲಿ ವ್ಯತ್ಯಾಸ ಬಂದಿತಂತೆ. ಆಯ್ಲರನು ಅಷ್ಟನ್ನೂ ಮನಸ್ಸಿನಲ್ಲಿಯೇ ಮಾಡಿ ಯಾರು ಸರಿಯೆಂದು ತೀರ್ಮಾನಿಸಿದನು. ಬಾಲ್ಯದಿಂದ ವಸ್ತುಗಳಿಗೆ ಹೆಸರಿಟ್ಟು, ಒಂದೊಂದನ್ನೂ ಅದರ ಸ್ಥಾನದಲ್ಲಿರಿಸುವ ಅಭ್ಯಾಸವಿದ್ದವನಿಗೆ ಕಣ್ಣುಗಳು ಹೋದರೂ ಚಿತ್ತದ ಕಪಾಟು ಬರಿದಾಗಲಿಲ್ಲ.

1783ನೆಯ ಸೆಪ್ಟೆಂಬರ್ 18ರಂದು ಆತನು ಎಂದಿನಂತೆ ಮೊಮ್ಮಗುವಿಗೆ ಗಣಿತದ ಪಾಠವನ್ನು ಹೇಳಿದನು. ಆ ವರ್ಷ ಫ್ರಾನ್ಸಿನಲ್ಲಿ ಹೊಸದಾಗಿ ಹಾರಿದ ಬಲೂನುಗಳ ವಿಷಯವಾಗಿ ಲೆಕ್ಕ ಮಾಡಿದನು. ಊಟದ ಮೇಲೆ ಲೆಕ್ಸೆಲನೊಡನೆ, ಎರಡು ವರ್ಷಗಳ ಹಿಂದೆ ಹರ್ಷೆಲನು ಕಂಡುಹಿಡಿದಿದ್ದ ಹೊಸ ಗ್ರಹದ ಪಥವನ್ನು ಕುರಿತು ಮಾತನಾಡಿದನು. ಸಂಜೆ ಚಹಾ ಕುಡಿಯುತ್ತಾ ಮೊಮ್ಮಗುವಿನೊಡನೆ ಆಡುತ್ತಿರುವಾಗ ಕೈಯಲ್ಲಿದ್ದ ಚುಂಗಾಣಿಯು ಕೆಳಗೆ ಬಿದ್ದಿತು; ಅದೇ ರಾತ್ರಿ ಆತನು ಕರ್ತನಲ್ಲಿ ನಿದ್ರಿಸಿದನು. ವಯಸ್ಸು ಎಪ್ಪತ್ತಾರು. ಆತನು ಬಿಟ್ಟುಹೋದ ಲೇಖನಗಳನ್ನು ಅಕಾಡೆಮಿಯವರು ಮುದ್ರಿಸಿ ಮುಗಿಸಲು ನಾಲ್ವತ್ತು ವರ್ಷಗಳಿಗಿಂತಲೂ ಹೆಚ್ಚು ಕಾಲ ಹಿಡಿಯಿತು. 1911ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೊರಡತೊಡಗಿದ ಆತನ ಸಮಗ್ರ ಕೃತಿಗಳು ಎಂಬತ್ತು ಸಂಪುಟಗಳನ್ನು ಮೀರಿವೆ.

ಇನ್ನು ಪೂರ್ವ ವಿದ್ಯಾರ್ಥಿನಿಯರ ಪ್ರಶ್ನೆಗೆ ಬರುವೆವು. ಗಣಕಯಂತ್ರಕ್ಕೆ ಕಣ್ಣಿಲ್ಲ. ಅದರ ಮುಂದೆ ಮನೆಯ ಚಿತ್ರವನ್ನಾಗಲಿ ಊರಿನ ನಕಾಶೆಯನ್ನಾಗಲಿ ಹಿಡಿದರೆ, ಇದು ಗೋಡೆ, ಇದು ದಾರಿ ಎಂದು ಅದು ತಾನಾಗಿ ಅರಿಯಲಾರದು. ಆಯ್ಲರನು ಕೋನಿಗ್ಸ್‌ಬರ್ಗಿನ ನೆಲಗಳನ್ನು ಪಟ್ಟಿ ಮಾಡಿದಂತೆ ಆಕಾರವನ್ನು ಪಟ್ಟಿ ಮಾಡಿ ಕೊಡಬೇಕು. 1972ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಬಾಮ್‌ಗಾರ್ಟ್ ಎಂಬವನು ಇದಕ್ಕೊಂದು ಕ್ರಮವನ್ನು ಹೇಳಿದನು. ಅದರಲ್ಲಿ ಮುಖ್ಯಸ್ಥಾನವು ಅಂಚಿಗೆ. ಪ್ರತಿಯೊಂದು ಅಂಚಿನ ಹೆಸರಿನ ಮುಂದೆಯೂ ಅದರ ಎರಡು ತುದಿಯ ಮೂಲೆಗಳು, ಎರಡು ಪಕ್ಕದ ಮುಖಗಳು, ನೆರೆಯ ಅಂಚುಗಳು ಇವುಗಳ ಹೆಸರುಗಳನ್ನು ಬರೆದಿಡುವುದು. ಆಗ ಯಂತ್ರವು ಕುರುಡನು ಗೋಡೆ ಹಿಡಿದು ನಡೆಯುವಂತೆ ಅಂಚಿನಿಂದ ಅಂಚಿಗೆ ಹೋಗುತ್ತಾ ಆಕಾರವನ್ನೆಲ್ಲಾ ಸುತ್ತಿ ಬರಬಲ್ಲುದು. ಹೊಸ ಮೂಲೆಯನ್ನೋ ಅಂಚನ್ನೋ ಸೇರಿಸುವಾಗ ಆಯ್ಲರನ ನಿಯಮವು ಕೆಡದಂತೆ ನೋಡಿಕೊಳ್ಳುವ ಕ್ರಿಯೆಗಳಿಗೆ ಇಂದಿಗೂ ಆತನ ಹೆಸರೇ ಇರುವುದು. ಇನ್ನೂರು ವರ್ಷಗಳ ಹಿಂದೆ ಅಂಚಿಗೆ ಹೆಸರಿಟ್ಟವನಿಗೆ ಇದಕ್ಕಿಂತ ತಕ್ಕ ಸ್ಮಾರಕವಿರದು.

ಅದೇ ನಿಯಮದಿಂದ ಮತ್ತೊಂದು ಉಪಯೋಗವೂ ಉಂಟು. ಕಾಗದದ ಮೇಲೆ 1,000 ಚುಕ್ಕೆಗಳಿದ್ದರೆ, ಎರಡೆರಡನ್ನು ಕೂಡಿಸುವ ಗೆರೆಗಳು 4,99,500 ಆಗುವುವು. ಆದರೆ ಗೆರೆಗಳು ಒಂದನ್ನೊಂದು ದಾಟಬಾರದೆಂದರೆ 2,994ಕ್ಕಿಂತ ಹೆಚ್ಚು ಗೆರೆಗಳನ್ನು ಎಳೆಯಲಾಗದೆಂದು ಆಯ್ಲರನ ನಿಯಮವೇ ತಿಳಿಸುವುದು. ಆದಕಾರಣ ನಕಾಶೆಯು ಎಷ್ಟು ದೊಡ್ಡದಾದರೂ ಅದರ ಪಟ್ಟಿಯು ಮಿತಿಮೀರಿ ಬೆಳೆಯದು. ಬಹುಭುಜವನ್ನು ತ್ರಿಕೋನಗಳಾಗಿ ಒಡೆಯುವ ಲೆಕ್ಕವೂ ವ್ಯರ್ಥವಾಗಲಿಲ್ಲ. ಎಷ್ಟೇ ಅಂಕುಡೊಂಕಾದ ಕೋಣೆಯಾದರೂ, ನಡುವೆ ಕಂಬವಾಗಲಿ ಅಡ್ಡಗೋಡೆಯಾಗಲಿ ಇಲ್ಲದೆ 12 ಮೂಲೆಗಳುಳ್ಳದ್ದಾದರೆ, ತಕ್ಕ ಸ್ಥಳಗಳಲ್ಲಿಟ್ಟ 4 ದೀಪಗಳು ಅದರ ಮೂಲೆಮೂಲೆಗೂ ಬೆಳಕು ಕೊಡಲು ಸಾಕೆಂದು, ಅಂದರೆ ಮೂಲೆಗಳ ಮೂರನೆಯ ಒಂದು ಪಾಲು ಸಾಕೆಂದು, 1975ರಲ್ಲಿ ಖ್ವಾಟಾಲ್ ಎಂಬ ಗಣಿತಜ್ಞನು ಸಾಧಿಸಿದನು. ಮೂರು ವರ್ಷಗಳ ಅನಂತರ ಫಿಸ್ಕ್ ಎಂಬವನು, ಕೋಣೆಯನ್ನು ತ್ರಿಕೋನಗಳಾಗಿ ಒಡೆದು ಮೂಲೆಗಳಿಗೆ ಮೂರು ಬಣ್ಣಗಳನ್ನು ಹಚ್ಚಿ, ಅತಿ ಕಡಮೆ ಸಲ ಬಂದ ಬಣ್ಣದ ಮೂಲೆಗಳಲ್ಲಿ ದೀಪವಿಟ್ಟರಾಯಿತೆಂದು ಶಾಲೆಯ ಮಕ್ಕಳಿಗೂ ತಿಳಿಯುವಂತೆ ತೋರಿಸಿಕೊಟ್ಟನು.

ಮುಗಿಸುವುದಕ್ಕೆ ಮುಂಚೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಶಿಕ್ಷಕಿಯರ ತರಬೇತಿಯನ್ನು ಮುಗಿಸಿ ಹೊಸದಾಗಿ ಪಾಠಕ್ಕೆ ನಿಂತ ಕಾಲದಲ್ಲಿ, ರೇಖಾಗಣಿತದ ಪ್ರಮೇಯಗಳನ್ನು ಅಕ್ಷರವೂ ತಪ್ಪದಂತೆ ಒಪ್ಪಿಸುವವರೇ ಜಾಣೆಯರೆಂದೆಣಿಸಿದ್ದೆವು. ಒಂದು ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ತ್ರಿಕೋನದ ಮೂಲೆಗಳಿಗೆ ಅ, ಬ, ಕ ಎಂಬ ಹೆಸರುಗಳನ್ನೇಕೆ ಇಡಬೇಕು, ಹೆಸರಿಲ್ಲದಿದ್ದರೆ ತ್ರಿಕೋನವು ಇರುವುದಿಲ್ಲವೇ ಎಂದು ಕೇಳಿದಳು. ಅಧಿಕಪ್ರಸಂಗವೆಂದು ಗದರಿಸಿ ಆಕೆಯನ್ನು ಕುಳ್ಳಿರಿಸಿದೆವು. ನಮಗೆ ಉತ್ತರವು ತಿಳಿದಿರಲಿಲ್ಲವೆಂಬುದೇ ಸತ್ಯ. ಮರುವರ್ಷ ಆಕೆಯು ಗಣಿತವನ್ನು ಬಿಟ್ಟಳು. ಆಮೇಲೆ ಏನಾದಳೋ ನಾವು ಅರಿಯೆವು. ಬಹಳ ವರ್ಷಗಳ ಅನಂತರ ಆಯ್ಲರನ ಚರಿತ್ರೆಯನ್ನೋದುವಾಗ ಆ ಪ್ರಶ್ನೆಯ ಬೆಲೆಯು ನಮಗೆ ತಿಳಿಯಿತು. ಕಾಣುವವರಿಗೆ ಹೆಸರು ಬೇಡ, ಬೆರಳಿಟ್ಟು ತೋರಿಸಿದರೆ ಸಾಕು. ಕಾಣದವರಿಗೆ, ದೂರದಲ್ಲಿರುವವರಿಗೆ, ಪತ್ರದಲ್ಲಿ ಓದುವ ಶಿಷ್ಯೆಗೆ, ಬಾಯಿಮಾತನ್ನು ಬರೆದುಕೊಳ್ಳುವ ದರ್ಜಿಗೆ, ಈಗ ಯಂತ್ರಕ್ಕೆ, ಹೆಸರೇ ಕಣ್ಣು.

ಆದಕಾರಣ ಹೆತ್ತವರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ರೇಖಾಗಣಿತವು ಪರೀಕ್ಷೆಗಾಗಿ ಹೊರುವ ಹೊರೆಯಲ್ಲ. ಕಣ್ಣಿಗೆ ಮೀರಿದುದನ್ನು ಕ್ರಮದಿಂದ ತಿಳಿಯುವ ಅಭ್ಯಾಸ. ಮನೆಯನ್ನು ನಡಿಸುವವಳಿಗೂ ಯಂತ್ರವನ್ನು ನಡಿಸುವವಳಿಗೂ ಅದು ಬೇಕು. ಮಕ್ಕಳು ಅದರಲ್ಲಿ ಅಂಕ ಕಡಮೆ ತಂದರೆ ನಮಗೆ ಚಿಂತೆಯಿಲ್ಲ, ಪ್ರಶ್ನೆ ಕೇಳುವುದನ್ನು ಬಿಟ್ಟರೆ ಚಿಂತೆ. ನಮ್ಮ ಪ್ರಿಯ ಪೂರ್ವ ವಿದ್ಯಾರ್ಥಿನಿಯರಲ್ಲಿ ಆ ಹಿಂದಿನ ಸಾಲಿನ ಹುಡುಗಿಯೂ ಎಲ್ಲಿಯಾದರೂ ಇದ್ದು, ಈ ಸಂಚಿಕೆಯು ಆಕೆಯ ಕೈಸೇರಿದರೆ, ತಡವಾಗಿಯಾದರೂ ಇದು ಆಕೆಗೆ ನಮ್ಮ ಉತ್ತರವೆಂದು ತಿಳಿದು, ಒಂದು ದಿನ ಶಾಲೆಗೆ ಬಂದು ನಮ್ಮನ್ನು ಕಾಣಲಿ. ಕತ್ತಲೆಯಲ್ಲಿಯೂ ಆಯ್ಲರನನ್ನು ಕೈಹಿಡಿದು ನಡಿಸಿದ ದೇವರು ನಮ್ಮ ಮಕ್ಕಳೆಲ್ಲರನ್ನೂ ನಡಿಸಲಿ.